ಅಪ್ಪ ತುಂಬಿದ ಹಾಸಿಗೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹಾಸಿಗೆ ಅಂತ ಒಂದೂ ಇರಲಿಲ್ಲ. ಎಲ್ಲರೂ ಮಲಗುತ್ತಿದ್ದುದು ಚಾಪೆಯ ಮೇಲೆ. ಚಳಿಗಾಲ ಬಂದರೆ ಚಾಪೆಯ ಮೇಲೊಂದು ಕಂಬಳಿ, ಅಷ್ಟೇ. ಬೆಳಿಗ್ಗೆ ಎದ್ದಾಗ ಕೆನ್ನೆಯ ತುಂಬ ಚಾಪೆಯ ಗೆರೆ ಮೂಡಿರುತ್ತಿತ್ತು. ಈಗ ನೀವು ಮೊಮ್ಮಕ್ಕಳು ಅಯ್ಯೋ ಪಾಪ ಅಂತ ಮುಖ ಮಾಡಬೇಡಿ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅಂತ ಗಾದೆಯೇ ಇದೆಯಲ್ಲ. ದಿನವಿಡೀ ಹೊಲದಲ್ಲಿ ಕುಣಿದು ಬಂದ ನಮಗೆ ಚಾಪೆ ಕಂಡರೆ ಸಾಕು, ಕಣ್ಣು ಮುಚ್ಚುತ್ತಿತ್ತು.

ನಮ್ಮೂರು ಹಾಸನದ ಕಡೆಯ ಮೊಸಳೆ ಅನ್ನುವ ಊರಿನ ಹತ್ತಿರ. ಅಕ್ಕನನ್ನು ಕೊಟ್ಟಿದ್ದು ಹಾಸನಕ್ಕೆ. ಅವಳು ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಅನ್ನುವುದು ನಮ್ಮ ಕಡೆಯ ರೂಢಿ. ಆದರೆ ಅಕ್ಕನಿಗೆ ಸೊಂಟದ ನೋವು ಶುರುವಾಗಿ, ನೆಲದ ಮೇಲೆ ಮಲಗಿಸಬೇಡಿ, ಬಗ್ಗಿ ಏಳುವುದು ಕೂಡದು ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಅಕ್ಕನ ಅತ್ತೆ ನಮ್ಮ ಮಾವನ ಕೈಲಿ ಹೇಳಿ ಕಳಿಸಿದರು. ಮಾವ ಅಂದರೆ ಅವ್ವನ ತಮ್ಮ. ಅವನು ಅತ್ತೆಯ ಮಾತನ್ನು ಅವರ ದನಿಯಲ್ಲೇ ಒಪ್ಪಿಸಿದ.

“ನೆಲದ ಮೇಲೆ ಮಲಗ್ಸಂಗಿದ್ರೆ ನಾನು ಕಳ್ಸಾಕಿಲ್ಲ. ಬಂದು ನೋಡ್ತೀನಿ. ಸರಿಯಿದ್ರೆ ಬುಟ್ಟೋಯ್ತೀನಿ, ಇಲ್ದಿದ್ರೆ ಸಂಜೆ ಬಸ್ಸಿಗೇ ವಾಪಸ್ ಕರ್ಕಂಡೋಯ್ತೀನಿ.”

ಅವ್ವನ ಮುಖ ಬಾಡಿಹೋಯಿತು. ಸೀಮಂತದ ದಿನ ಅಕ್ಕ ಅವಳ ಸೆರಗು ಹಿಡಿದುಕೊಂಡು, “ಅವ್ವ, ನಂಗೆ ಭಯ ಆಯ್ತದೆ, ನಿನ್ ತಾವೇ ಬತ್ತೀನಿ” ಅಂತ ಅತ್ತಿದ್ದಳು. ನಾನು ಪಕ್ಕದಲ್ಲೇ ಕೋಸಂಬರಿ ತಿನ್ನುತ್ತಾ ಅದನ್ನು ಕೇಳಿಸಿಕೊಂಡಿದ್ದೆ. ಅಕ್ಕ ಬರದೇ ಹೋದರೆ ಏನು ಗತಿ ಅಂತ ನನಗೂ ಚಿಂತೆ ಹತ್ತಿತು.

ಅಪ್ಪ ಮಾತ್ರ, “ಹಾಸ್ಗೆ ತಾನೆ? ನಾನೇ ಮಾಡ್ತೀನಿ ಕಣೇಳು” ಅಂದ. ಅವನು ಹಾಗೆಯೇ. ಬಾವಿಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲ ತಾನೇ ಮಾಡುತ್ತೇನೆ ಅನ್ನುತ್ತಿದ್ದ. ಹೊಲದ ಬದುವಿನಲ್ಲಿ ಒಂದು ಬೂರುಗದ ಮರವಿತ್ತು. ಬೇಸಿಗೆಗೆ ಅದರ ಕಾಯಿ ಒಣಗಿ ಪಟ್ ಅಂತ ಬಿರಿದು, ಒಳಗಿನಿಂದ ರೇಷ್ಮೆಯಂಥ ಬಿಳಿ ಅರಳೆ ಇಣುಕುತ್ತಿತ್ತು. ಅಪ್ಪ ಕಾಯಿ ಉದುರಿಸಿ ತಂದ. ನಾನು ಅವ್ವನ ಜೊತೆ ಕೂತು ಕರಿ ಬೀಜ ಬಿಡಿಸಿದೆ. ಮೂಗಿನೊಳಗೆ, ರೆಪ್ಪೆಯ ಮೇಲೆ, ಸಾರಿನ ಪಾತ್ರೆಯಲ್ಲಿ, ಎಲ್ಲೆಲ್ಲೂ ಅರಳೆ. ಕಾಲುವೆಯ ಗುಂಡಿಯಲ್ಲಿ ನೆನೆಹಾಕಿದ್ದ ತೆಂಗಿನ ಮಟ್ಟೆಯನ್ನು ಬಡಿದು ನಾರು ತೆಗೆದಿದ್ದೂ ಆಯಿತು. ಆ ಕೊಳೆತ ನೀರಿನ ವಾಸನೆಗೆ ನಮ್ಮ ನಾಯಿಯೇ ಹಿತ್ತಿಲು ಬಿಟ್ಟು ಓಡಿಹೋಗಿತ್ತು.

ಮಾವ ಹೊಳೆನರಸೀಪುರದಲ್ಲಿ ಬಸ್ಸು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಗುಜರಿಗೆ ಹೋದ ಬಸ್ಸಿನ ಸೀಟುಗಳಿಂದ ಸ್ಪ್ರಿಂಗು ಕಿತ್ತು ಗೋಣಿಚೀಲದಲ್ಲಿ ತಂದ. ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ನಮ್ಮಜ್ಜಿಯ ಕಾಲದ ಹಲಸಿನ ಮಂಚದ ಹಲಗೆಗಳ ಮೇಲೆ ಅವನ್ನು ಸಾಲಾಗಿ ನಿಲ್ಲಿಸಿ ತಂತಿಯಿಂದ ಬಿಗಿದ. ಅದರ ಮೇಲೆ ಗೋಣಿತಾಟು, ತಾಟಿನ ಮೇಲೆ ತೆಂಗಿನ ನಾರು. ಕೈಯಿಂದ ಒತ್ತಿದರೆ ಮಂಚ ಕಿರ್ ಅನ್ನುತ್ತಿತ್ತು. ಇನ್ನು ಉಳಿದಿದ್ದು ಅದರ ಮೇಲೆ ಹಾಸುವ ಬೂರುಗದ ಹಾಸಿಗೆ ಒಂದೇ.

ಅತ್ತೆ ಬರುವ ದಿನ ಬೆಳಿಗ್ಗೆ ಅಪ್ಪ ಅರಳೆ ತುಂಬಲು ಕೂತ. ಪಟ್ಟೆ ಪಟ್ಟೆಯ ದಪ್ಪ ಬಟ್ಟೆಯ ಚೀಲವನ್ನು ಅವ್ವ ಮೊದಲೇ ಹೊಲಿದಿಟ್ಟಿದ್ದಳು. ಈಗ ಒಂದು ವಿಷಯ ನಿಮಗೆ ಗೊತ್ತಿರಬೇಕು. ಅಪ್ಪ ಹುಟ್ಟಿದಾಗಿನಿಂದ ತುಂಬಿದ್ದೆಲ್ಲ ಭತ್ತ, ರಾಗಿಯ ಮೂಟೆಗಳನ್ನೇ. ಅವನು ತುಂಬಿದ ಮೂಟೆ ಗಟ್ಟಿ ಅಂದರೆ ಗಟ್ಟಿ. ಎಲ್ಲಿ ನಿಲ್ಲಿಸಿದರೂ ಜಗ್ಗುತ್ತಿರಲಿಲ್ಲ, ಸೊಂಟ ಬಳುಕಿಸುತ್ತಿರಲಿಲ್ಲ. ಧಾನ್ಯ ಮಾರುವ ಮಂಡಿಯಲ್ಲಿ ಅದಕ್ಕೇ ಹೆಸರು ಮಾಡಿದ್ದ. ಹಾಸಿಗೆಯನ್ನೂ ಅವನು ಹಾಗೆಯೇ ತುಂಬಿದ. ಅರಳೆ ಹಾಕಿ ಹಾಕಿ ಒನಕೆಯಿಂದ ಜಡಿದ, ಮೂಲೆಗಳಿಗೆ ಮೊಣಕೈ ಹೊಕ್ಕಿಸಿ ತುರುಕಿದ, ಕೊನೆಗೆ ಬಾಯಿ ಒಗ್ಗೂಡಿಸಿ ದಬ್ಬಣದಿಂದ ಮೂಟೆ ಹೊಲಿದ ಹಾಗೆ ಹೊಲಿದು, “ನೋಡು, ಒಂದಿಷ್ಟೂ ಸಂದಿಲ್ಲ” ಅಂತ ಬೆವರು ಒರೆಸಿಕೊಂಡ.

ಸಂದಿರಲಿಲ್ಲ ನಿಜ. ಹಾಸಿಗೆ ಎಮ್ಮೆಯ ಬೆನ್ನಿನ ಹಾಗೆ ದುಂಡಗಿತ್ತು. ಮಾವ ಮತ್ತು ಅಪ್ಪ ಸೇರಿ ಎತ್ತಿ ಅದನ್ನು ಮಂಚದ ಮೇಲಿಟ್ಟರು. ಅವ್ವನಿಗೆ ಅನುಮಾನ. ಮಗಳು ಮಲಗುವ ಮುಂಚೆ ತಾನೊಮ್ಮೆ ಮಲಗಿ ನೋಡುತ್ತೇನೆ ಅಂತ ಹತ್ತಿದಳು. ಹತ್ತಿದವಳು ಅಂಗಾತ ಮಲಗಿ ಉಸಿರು ಬಿಟ್ಟಳೋ ಇಲ್ಲವೋ, ಕೆಳಗಿನ ಸ್ಪ್ರಿಂಗು ಒಮ್ಮೆ ಮೇಲಕ್ಕೆ ಚಿಮ್ಮಿತು. ಅವ್ವ ಆ ಕಡೆಗೆ ಉರುಳಿ ದಬಕ್ ಅಂತ ನೆಲಕ್ಕೆ ಬಿದ್ದಳು.

ನನಗೆ ನಗು ತಡೆಯಲಾಗಲಿಲ್ಲ. ಮಾವ ಗೋಡೆಯ ಕಡೆ ತಿರುಗಿ ನಿಂತ, ಅವನ ಭುಜ ಕುಲುಕುತ್ತಿತ್ತು. ಅಪ್ಪ ಮಾತ್ರ ನಗಲಿಲ್ಲ. “ಎಲ್ಲಾ ಇವ್ನ ಸ್ಪ್ರಿಂಗಿಂದು” ಅಂದ.

ಅವ್ವ ಸೊಂಟ ಹಿಡಿದುಕೊಂಡು ಎದ್ದಳು. “ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಇದು ಮಂಡಿಗೆ ಓಗೋ ಮೂಟೆ ಅಲ್ಲ ಕಣ. ಬಸ್ರಿ ಎಂಗ್ಸು ಮಲಗ್ಬೇಕು ಇದ್ರ ಮ್ಯಾಲೆ” ಅಂದವಳೇ ಹಾಗೇ ಕುಸಿದು ಕೂತು ಅಳತೊಡಗಿದಳು. ಅವಳು ಅಳುವುದನ್ನು ನಾನು ಅಷ್ಟಾಗಿ ಕಂಡವಳಲ್ಲ. ನಾನು ನಗು ನಿಲ್ಲಿಸಿ ಅವಳ ಪಕ್ಕ ಹೋಗಿ ಕೂತೆ.

ಅಪ್ಪ ಮತ್ತೆ ದಬ್ಬಣ ಕೈಗೆತ್ತಿಕೊಂಡ. ಅಷ್ಟು ಹೊತ್ತು ಕೂತು ಹಾಕಿದ್ದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ಅರ್ಧಕ್ಕರ್ಧ ಅರಳೆ ಹೊರಗೆ ತೆಗೆದ. ಹೆಬ್ಬಾಗಿಲಿನಿಂದ ಗಾಳಿ ನುಗ್ಗಿದ್ದೇ ತಡ, ಅರಳೆ ಮೇಲೆದ್ದು ಹಜಾರವೆಲ್ಲ ಬೆಳ್ಳಗಾಯಿತು. ಮಾವ ಓಡಿ ಬಾಗಿಲು ಹಾಕಿದ. ಒಳಗೆ ಸೆಖೆಯೋ ಸೆಖೆ. ಜಡಿದು ಉಂಡೆಯಾಗಿದ್ದ ಅರಳೆಯನ್ನು ನಾವು ನಾಲ್ವರೂ ಬೆರಳಿನಿಂದ ಬಿಡಿಸಿ ಬಿಡಿಸಿ, ಹಗುರ ಮಾಡಿ, ಮತ್ತೆ ಚೀಲದೊಳಗೆ ಹರಡಿದೆವು. ಅವ್ವ ಗೇಣಿಗೊಂದರಂತೆ ದಬ್ಬಣ ತೂರಿಸಿ, ಕೆಳಗಿಂದ ಮೇಲಕ್ಕೆ ದಾರ ಎಳೆದು ಗಂಟು ಹಾಕಿದಳು. ಹಾಸಿಗೆ ಮೆಲ್ಲಗೆ ಚಪ್ಪಟೆಯಾಗಿ ಮಂಚದ ಮೇಲೆ ಮಲಗಿತು. ಮೇಲೆ ಒಗೆದ ಸೀರೆಯೊಂದನ್ನು ಹಾಸಿ, ತಲೆಗೂದಲಲ್ಲಿದ್ದ ಅರಳೆಯನ್ನು ಕೊಡವಿಕೊಳ್ಳುವ ಹೊತ್ತಿಗೆ ಬಸ್ಸಿನ ಹಾರನ್ನು ಕೇಳಿಸಿತು.

ಅಕ್ಕ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನವಾಗಿ ನಡೆದು ಬಂದಳು. ಅವಳ ಹಿಂದೆ ಅತ್ತೆ, ಕೈಯಲ್ಲಿ ಕೊಡೆ. ಅವರು ಕೆಟ್ಟ ಹೆಂಗಸಲ್ಲ, ಆದರೆ ಅವರೆದುರು ನಿಂತರೆ ಯಾರಿಗಾದರೂ ತಲೆ ಬಾಚಿಕೊಳ್ಳಬೇಕು ಅನ್ನಿಸುತ್ತಿತ್ತು. ಕಾಲು ತೊಳೆದವರೇ ನೇರವಾಗಿ ಮಂಚದ ಹತ್ತಿರ ಹೋದರು. ಅಂಗೈಯಿಂದ ಒತ್ತಿದರು. ಮಂಚ ಕಿರ್ ಅಂದಿತು. ಸೀರೆಯ ಅಂಚು ಎತ್ತಿ ಗಂಟುಗಳನ್ನು ನೋಡಿದರು, ಬಗ್ಗಿ ಕೆಳಗಿನ ಸ್ಪ್ರಿಂಗು ನೋಡಿದರು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅವನ ಮೀಸೆಯಲ್ಲಿ ಇನ್ನೂ ಒಂದು ಎಳೆ ಅರಳೆ ಇತ್ತು.

“ಕುಂತ್ಕಳಿ ಬೀಗ್ರೇ, ಬಿಸ್ಲಲ್ಲಿ ಬಂದಿದ್ದೀರಿ” ಅಂತ ಅವ್ವ ಮಜ್ಜಿಗೆ ಕೊಟ್ಟಳು. ಅತ್ತೆ ಮಂಚದ ಮೇಲೆ ಕೂತು ಕುಡಿದರು. ಕೂತಲ್ಲೇ ಒಮ್ಮೆ ಮೆಲ್ಲಗೆ ಕುಪ್ಪಳಿಸಿ ನೋಡಿದರು. ಆಮೇಲೆ, “ಒಸಿ ಮಲಗಿ ನೋಡ್ತೀನಿ ತಡೀರಿ” ಅಂತ ಕಾಲು ಮೇಲಕ್ಕೆಳೆದುಕೊಂಡು ಗೋಡೆಯ ಕಡೆಗೆ ತಿರುಗಿದರು. ಎಲ್ಲಿ ಉರುಳುತ್ತಾರೋ ಅಂತ ಮಾವ ಕೈ ಚಾಚಿಕೊಂಡೇ ಇದ್ದ. ಅತ್ತೆ ಉರುಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಗೊರಕೆ ಶುರುವಾಯಿತು.

ಎಬ್ಬಿಸುವ ಧೈರ್ಯ ಯಾರಿಗಿದೆ? ಅವ್ವ ಬೆರಳು ತುಟಿಗಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದಳು. ಅಕ್ಕ ಜಗಲಿಯ ಮೇಲೆ ಅವ್ವನ ತೊಡೆಗೆ ತಲೆಯಿಟ್ಟು ಒರಗಿದಳು. ಬೇಸಿಗೆಯ ಮಧ್ಯಾಹ್ನವೆಲ್ಲ ಕಳೆಯಿತು. ಸಂಜೆ ಬಸ್ಸು ಬಂದು ಹಾರನ್ನು ಹೊಡೆದು ಹೊರಟುಹೋಯಿತು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಎದ್ದು ಬಂದರು. ಕೆನ್ನೆಯ ಮೇಲೆ ಹಾಸಿಗೆಯ ಗಂಟಿನ ಗುರುತು. ಯಾರ ಮುಖವನ್ನೂ ನೋಡದೆ ಜಡೆ ಸುತ್ತಿಕೊಳ್ಳುತ್ತಾ, “ನಾಳೆ ಬೆಳಿಗ್ಗೆ ಬಸ್ಸಿಗೆ ನಾನೊಬ್ಳೇ ಓಯ್ತೀನಿ” ಅಂದರು. ಅಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಕೊಟ್ಟಿಗೆಯ ಕಡೆ ನಡೆದ. ಬೆವರು ಒರೆಸಿಕೊಂಡ ಅಂತ ನಾನಾಗ ತಿಳಿದಿದ್ದೆ. ಅಕ್ಕ ಉಳಿದಳು, ಹೆತ್ತಳು, ಆ ಹಾಸಿಗೆಯ ಮೇಲೆಯೇ ಬಾಣಂತನ ಮಾಡಿಸಿಕೊಂಡಳು.

ಮೊನ್ನೆ ನಿಮ್ಮ ಕೋಣೆಗೊಂದು ಹೊಸ ಹಾಸಿಗೆ ಬಂತಲ್ಲ, ಸುರುಳಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿದ್ದು? ಪ್ಲಾಸ್ಟಿಕ್ಕು ಕತ್ತರಿಸಿದ ಕೂಡಲೇ ಉಸಿರೆಳೆದುಕೊಂಡು ತಾನೇ ಉಬ್ಬಿತು. ಅದರಲ್ಲೂ ಸ್ಪ್ರಿಂಗು ಇದೆಯಂತೆ, ಆದರೆ ಚೂರೂ ಕಿರುಗುಟ್ಟುವುದಿಲ್ಲ. ನಮ್ಮ ಕಾಲದ್ದೇ ಚೆನ್ನಾಗಿತ್ತು ಅಂತ ನಾನು ಸುಳ್ಳು ಹೇಳುವುದಿಲ್ಲ. ನಿಮ್ಮ ಹಾಸಿಗೆಯೇ ಚೆನ್ನಾಗಿದೆ. ಅದಕ್ಕಿಂತ ಚೆನ್ನಾಗಿರುವುದು ಇನ್ನೊಂದಿದೆ. ನೀವು ಹೊಟ್ಟೆಯಲ್ಲಿದ್ದಾಗ ನನ್ನ ಮಗಳು, ನಿಮ್ಮಮ್ಮ, ತಾನೇ ಕಾರು ಓಡಿಸಿಕೊಂಡು ನನ್ನ ಮನೆಗೆ ಬಂದಳು. ಹಾಸಿಗೆ ಒತ್ತಿ ನೋಡಲು ಅವಳ ಹಿಂದೆ ಯಾರೂ ಬರಲಿಲ್ಲ, ಇರಲೋ ಹೋಗಲೋ ಅಂತ ಅವಳು ಯಾರನ್ನೂ ಕೇಳಲಿಲ್ಲ. ಬ್ಯಾಗು ಮೂಲೆಯಲ್ಲಿಟ್ಟು, ಚಪ್ಪಲಿ ಬಿಟ್ಟು, ಸಿಕ್ಕಿದ ಕಡೆ ಮಲಗಿ ನಿದ್ದೆ ಹೋದಳು. ನಾನು ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ನೋಡಿದೆ. ಅದನ್ನು ನೋಡಲು ನನ್ನ ಅಪ್ಪ ಇರಬೇಕಾಗಿತ್ತು.