ಯೀಸ್ಟಿನ ಹಸಿವು ಬಲ್ಲ ಫೆಡೆರೆಸಿ

ಕಂಪಾಲಾದ ಗುಡ್ಡದ ಮೇಲಿನ ಪ್ರಯೋಗಾಲಯದಲ್ಲಿ ಬೆಳಗಿನ ಆರು ಗಂಟೆ. ಫೆಡೆರೆಸಿ ನಬ್ಬೋಸಾ ಗಾಜಿನ ಫ್ಲಾಸ್ಕ್ ಒಂದನ್ನು ಬೆಳಕಿಗೆ ಹಿಡಿದು ನೋಡಿ, ಮೂಸುತ್ತಾರೆ. ಹುದುಗು ಬಂದ ಬ್ರೆಡ್ ಹಿಟ್ಟಿನ ವಾಸನೆ. "ಚೆನ್ನಾಗಿ ಉಂಡಿದಾವೆ, ಸುಖವಾಗಿದಾವೆ," ಎನ್ನುತ್ತಾರೆ. ಒಳಗಿರುವುದು ಕೋಟ್ಯಂತರ ಯೀಸ್ಟ್ ಕೋಶಗಳು.

ಐವತ್ತೆಂಟರ ಈಕೆ ಗಂಡ ತೀರಿಕೊಂಡ ವರ್ಷ ಇಲ್ಲಿ ಗಾಜು ತೊಳೆಯಲು ಸೇರಿದವರು. ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಇನ್ನೂರು ಪಾತ್ರೆ ತೊಳೆಯುತ್ತಾರೆ, ಕೋಶಗಳಿಗೆ ಸಕ್ಕರೆ ಬೆರೆಸಿದ ಆಹಾರ ಕಾಯಿಸುತ್ತಾರೆ. ಕರೆಂಟು ಹೋದರೆ ಜನರೇಟರ್ ಹಚ್ಚುವವರೂ ಇವರೇ. ವಿದ್ಯಾರ್ಥಿಗಳಿಗೆಲ್ಲ ಇವರು 'ಸೆಂಗಾ', ಅಂದರೆ ಸೋದರತ್ತೆ.

ಯಾವ ಪ್ರೋಟೀನ್ ಕಟ್ಟಬೇಕೆಂಬ ಸುದ್ದಿ ಹೊತ್ತು ಕೋಶಕೇಂದ್ರದಿಂದ ಹೊರಡುವುದು ಸಂದೇಶವಾಹಕ ಆರ್‌ಎನ್‌ಎ. ಬಿಸಿ ತಾಗಿದರೆ ಕೋಶವು ಹೆಚ್ಚಿನ ಸಂದೇಶಗಳನ್ನು ಕೇಂದ್ರದ ಒಳಗೇ ತಡೆದು, ಜೀವ ಕಾಯುವಂಥವನ್ನು ಮಾತ್ರ ಹೊರಬಿಡುತ್ತದೆ. ಇಲ್ಲಿ ನಡೆದಿರುವುದು ಅದರದೇ ಅಧ್ಯಯನ. ಸೆಂಗಾ ಅದನ್ನು ಹೇಳುವ ರೀತಿಯೇ ಬೇರೆ: "ಮನೆಗೆ ಬೆಂಕಿ ಬಿದ್ದಾಗ ಉಪ್ಪು ತಗೊಂಬಾ ಅಂತ ಯಾರನ್ನಾದ್ರೂ ಅಂಗಡಿಗೆ ಕಳಿಸ್ತೀವಾ? ನೀರು ತರೋರು ಮಾತ್ರ ಓಡ್ಬೇಕು."

ಕಳೆದ ಮಾರ್ಚಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ ನಕಾಯಿಜಾ ಮೇಜಿಗೆ ತಲೆಯಿಟ್ಟು ಅಳುತ್ತಿದ್ದಳು. ಬಿಸಿ ತಾಗಿಸದ ಕೋಶಗಳಲ್ಲೂ ಸಂದೇಶಗಳು ಒಳಗೇ ಸಿಕ್ಕಿಕೊಂಡಿದ್ದವು. ನಾಲ್ಕು ತಿಂಗಳ ಕೆಲಸ ನೀರಿನಲ್ಲಿ ಹೋಮ. ಪ್ರಬಂಧ ಒಪ್ಪಿಸಲು ಉಳಿದದ್ದು ಮೂರೇ ವಾರ.

"ಬಿಸಿ ಮುಟ್ಟಿಸೋಕೆ ಮುಂಚೆ ಏನ್ ಮಾಡ್ತೀಯವ್ವಾ?" ಎಂದು ಸೆಂಗಾ ಕೇಳಿದರು.

"ತೊಳೀತೀನಿ ಸೆಂಗಾ. ಬರೀ ನೀರಲ್ಲಿ. ಇಪ್ಪತ್ತು ನಿಮಿಷ."

"ಅಯ್ಯೋ ಹುಡುಗಿ! ಸಕ್ಕರೆ ಕಿತ್ಕೊಂಡು ಉಪವಾಸ ಕೆಡವಿದೀಯಲ್ಲೇ! ಕಾಯಿಸೋ ಮೊದಲೇ ಕಂಗಾಲಾಗಿವೆ ಅವು. ಬೆಳಿಗ್ಗೆ ತಿನ್ನೋ ಬಾಳೆಕಾಯಿ ಕಟೊಗೊ ಸ್ವಲ್ಪ ತಡವಾದ್ರೆ ನೀನೆಷ್ಟು ಕೂಗಾಡ್ತೀಯ?"

ನಕಾಯಿಜಾ ಅಳುತ್ತಲೇ ನಕ್ಕಳು. ಅಂದೇ ಸೆಂಗಾ ಸಕ್ಕರೆ ಬೆರೆಸಿದ ತೊಳೆಯುವ ದ್ರವ ಸಿದ್ಧಮಾಡಿಕೊಟ್ಟರು. ನಾಲ್ಕನೆಯ ದಿನ ಹುಡುಗಿ ಅವರ ಒದ್ದೆ ಕೈ ಹಿಡಿದೆಳೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಬಿಸಿ ತಾಗದ ಕೋಶಗಳ ತುಂಬ ಸಂದೇಶಗಳು ಹೊಳೆವ ಚುಕ್ಕಿಗಳಾಗಿ ಹರಡಿಕೊಂಡಿದ್ದವು. ಬಿಸಿ ತಾಗಿದವುಗಳಲ್ಲಿ ಅವೆಲ್ಲ ಕೋಶಕೇಂದ್ರದಲ್ಲೇ ಒತ್ತರಿಸಿ ನಿಂತಿದ್ದವು. ಸೆಂಗಾ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟದ್ದು ಅದೇ ಮೊದಲು.

"ದಿನಾ ಉಣ್ಣಿಸಿದವರ ಮುಖ ಆವತ್ತೇ ಕಂಡಿದ್ದು ನಾನು," ಎನ್ನುತ್ತಾರೆ.

ಪ್ರಬಂಧ ಸಮಯಕ್ಕೆ ಸರಿಯಾಗಿ ಹೋಯಿತು. ಇನ್ನೆರಡು ವರ್ಷಕ್ಕೆ ಸೆಂಗಾ ನಿವೃತ್ತರಾಗುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ, ತೊಳೆದ ಪಾತ್ರೆಯೊಂದನ್ನು ಬೋರಲಿಟ್ಟು ಹೇಳುತ್ತಾರೆ:

"ನನ್ನ ಜಾಗಕ್ಕೆ ಬರೋಳಿಗೆ ಮೊದಲನೇ ದಿನಾನೇ ಸೂಕ್ಷ್ಮದರ್ಶಕದಲ್ಲಿ ಇವನ್ನ ತೋರಿಸ್ಬಿಡಿ. ಹತ್ತೊಂಬತ್ತು ವರ್ಷ ಕಾಯಿಸ್ಬೇಡಿ."