ಕತ್ತರಿಗೆ ಹೇಳಿಕೊಂಡ ಹರಕೆ

ಕತ್ತರಿ ಎಲ್ಲಿ ಎಂದು ನನ್ನ ತಂಗಿಯ ಹತ್ತಿರ ನಾನು ಒಂದು ಸಲವೂ ಕೇಳಲಿಲ್ಲ. ದೈವದ ಹತ್ತಿರ ಕೇಳಿದೆ, ಪಕ್ಕದ ಮನೆಯವಳ ಹತ್ತಿರ ಹೇಳಿದೆ, ಗಂಡನ ತಲೆ ತಿಂದೆ. ಎದುರಿಗೇ ಕುಳಿತು ಅಮ್ಮನ ಸೀರೆ ಮಡಚುತ್ತಿದ್ದವಳನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಮುಗಿಯುವುದು ನನಗೆ ಬೇಕಿರಲಿಲ್ಲವೋ ಏನೋ.

ಅಮ್ಮ ಮತ್ತು ತಂಗಿ ಕಡಬದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದರು. ಒಂದೇ ಮಾಡಿನ ಕೆಳಗೆ ಸಾಲಾಗಿ ಇರುವ ಮನೆಗಳಲ್ಲಿ ಕೊನೆಯದು. ನಾನು ಹುಟ್ಟಿದ ಮೇಲೆ ಬೇರೆ ಮನೆ ನೋಡಿದವಳಲ್ಲ, ಮದುವೆಯಾಗಿ ಗುತ್ತಿಗಾರಿಗೆ ಹೋಗುವವರೆಗೆ. ಅಮ್ಮ ತೀರಿಕೊಂಡ ಮರುವರ್ಷ ಮನೆಯ ಧಣಿಗಳು ಸಾಲನ್ನೇ ಕೆಡವಿ ಅಂಗಡಿ ಕಟ್ಟಿಸುತ್ತೇವೆ, ಬಿಟ್ಟುಕೊಡಿ ಎಂದರು. ತಂಗಿಗೆ ಪುತ್ತೂರಿನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ಕೆಲಸ. ಅಲ್ಲೇ ಒಂದು ಕೋಣೆ ಹಿಡಿದಳು. ಮಂಚ ಹಾಕಿದರೆ ಒಲೆಗೆ ಜಾಗವಿಲ್ಲ, ಅಂಥ ಕೋಣೆ. ಹಾಗಾಗಿ ಅಮ್ಮನ ಸಾಮಾನನ್ನೆಲ್ಲ ವಿಲೇವಾರಿ ಮಾಡಬೇಕಾಯಿತು.

ನಾನು ಭಾನುವಾರಗಳಲ್ಲಿ ಗುತ್ತಿಗಾರಿನಿಂದ ಬರುತ್ತಿದ್ದೆ. ನಾಲ್ಕು ರಾಶಿ ಮಾಡಿದೆ. ಪುತ್ತೂರಿಗೆ ಹೋಗುವುದು, ನನಗೆ ಬರುವುದು, ಯಾರಿಗಾದರೂ ಕೊಡುವುದು, ಉಳಿದದ್ದು ಗುಜಿರಿಗೆ. ಯಾವುದು ಯಾವ ರಾಶಿಗೆ ಎಂದು ಹೇಳುವವಳು ನಾನೇ, ಯಾಕೆಂದರೆ ನಾನು ಹಿರಿಯಳು. ಅಮ್ಮ ತ್ರಿಕೋನವಾಗಿ ಮಡಚಿಟ್ಟ ಪ್ಲಾಸ್ಟಿಕ್ ತೊಟ್ಟೆಗಳು, ಡಬ್ಬವಿಲ್ಲದ ಮುಚ್ಚಳಗಳು, ಹಿಡಿ ಹೋದ ಕೊಡೆಗಳು. ನಾನು ಎತ್ತಿ ಎತ್ತಿ ಎಸೆಯುತ್ತಿದ್ದೆ. ತಂಗಿ ಹಿಂದಿನಿಂದ ಬಂದು ಒಂದೊಂದನ್ನು ಮುಟ್ಟಿ ನೋಡುತ್ತಿದ್ದಳು.

"ಅಕ್ಕ, ದೇವರ ಪಟ ಇರುವ ಕ್ಯಾಲೆಂಡರನ್ನು ಗುಜಿರಿಗೆ ಹಾಕುದಾ?"

"ಮತ್ತೆ ಎಂತ, ಹಳೆಯ ಇಸವಿಯನ್ನೆಲ್ಲ ಪುತ್ತೂರಿಗೆ ಹೊತ್ತುಕೊಂಡು ಹೋಗ್ತೀಯಾ?"

"ಅಶ್ವತ್ಥದ ಬುಡದಲ್ಲಿಟ್ಟು ಬರ್ತೇನೆ."

"ನಿನ್ನನ್ನೂ ಅಲ್ಲೇ ಇಟ್ಟು ಬರ್ಬೇಕು. ಹೀಗಾದ್ರೆ ಈ ಮನೆ ಖಾಲಿಯಾಗುದು ಯಾವಾಗ?"

ಅವಳು ನಕ್ಕಳು. ಆ ನಗು ನನಗೆ ಸರಿ ಕಾಣಲಿಲ್ಲ. ಯಾಕೆ ಇಷ್ಟು ಸುಲಭಕ್ಕೆ ಒಪ್ಪುತ್ತಾಳೆ? ತನಗೆ ಬೇಕಾದದ್ದನ್ನು ಮೊದಲೇ ಬದಿಗೆ ಇಟ್ಟಿರಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಬಂತು.

ಆ ದಿನವೇ ಅವಳು ಗೋಣಿಚೀಲ ಕೇಳಲು ಅಂಗಡಿಗೆ ಹೋದ ಹೊತ್ತಿನಲ್ಲಿ, ಅಡುಗೆಕೋಣೆಯ ಮೂಲೆಯಲ್ಲಿದ್ದ ಅಮ್ಮನ ಉಪ್ಪಿನಕಾಯಿ ಭರಣಿಯನ್ನು ಗಂಡ ತಂದಿದ್ದ ಪಿಕಪ್ಪಿಗೆ ಏರಿಸಿ ಗೋಣಿ ಮುಚ್ಚಿದೆ. ಬಾಯಿಗೆ ಬಟ್ಟೆ ಕಟ್ಟಿ ಹಾಗೆಯೇ ಇತ್ತು. ಕಟ್ಟಿದ ಭರಣಿಯ ಬಾಯಿಯನ್ನು ಕಂಡಕಂಡಾಗ ಬಿಚ್ಚಬಾರದು, ಒಳಗಿನದು ಕೆಡುತ್ತದೆ ಎಂದು ಅಮ್ಮ ನಮ್ಮ ಕೈಗೆ ಹೊಡೆದು ಕಲಿಸಿದ್ದರು. ಬಿಚ್ಚಲಿಲ್ಲ.

"ತಂಗಿಗೆ ಹೇಳಿದೆಯಾ?" ಎಂದರು ಗಂಡ.

"ಅವಳಿಗೆ ಎಂತಕ್ಕೆ ಭರಣಿ? ಒಬ್ಬಳು."

"ಕೇಳಿ ತೆಗೆಯಬಹುದಿತ್ತು ಮಾರಾಯ್ತಿ."

ಹಿರಿಯ ಮಗಳಿಗೆ ಬರಬೇಕಾದದ್ದು, ಕೇಳುವುದು ಏನಿದೆ ಎಂದುಕೊಂಡೆ. ಆಮೇಲೆ ಅದನ್ನು ಮರೆತೂಬಿಟ್ಟೆ.

ನನಗೆ ನಿಜವಾಗಿ ಬೇಕಿದ್ದದ್ದು ಬೀಡಿ ಎಲೆ ಕತ್ತರಿಸುವ ಕತ್ತರಿ. ಐದನೆಯ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದಾಗ ಅಮ್ಮ ಅದನ್ನು ತಂದರು. ಅಪ್ಪ ಇರಲಿಲ್ಲ, ಅಮ್ಮ ಒಬ್ಬರ ಬೀಡಿಯಿಂದ ಮನೆ ನಡೆಯುತ್ತಿರಲಿಲ್ಲ. ತಗಡಿನ ಅಳತೆಯನ್ನು ಎಲೆಯ ಮೇಲಿಟ್ಟು ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ನೂಲು ಕಟ್ಟಿ, ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುವುದು. ತಂಗಿ ಆಗ ತೊಟ್ಟಿಲಿನಲ್ಲಿದ್ದಳು. ಮುಂದೆ ಅವಳು ಪಿಯುಸಿ ತನಕ ಓದಿದ್ದು ಆ ಬೀಡಿಯಿಂದ. ಇದನ್ನು ನಾನು ಯಾರಿಗೂ ಹೇಳಿಲ್ಲ, ಆದರೆ ಒಂದು ದಿನವೂ ಮರೆತಿಲ್ಲ. ಆ ಕತ್ತರಿಯ ಮೇಲೆ ಅವಳಿಗೆ ಹಕ್ಕಿಲ್ಲ ಎಂಬುದು ನನ್ನ ಎದೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು.

ನಾನು ಬೀಡಿ ಕಟ್ಟುತ್ತಿದ್ದಾಗ ಕತ್ತರಿ ಇರುತ್ತಿದ್ದದ್ದು ಬೀಡಿಯ ತಡ್ಪೆಯಲ್ಲಿ, ಅಂದರೆ ಅಮ್ಮ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ ಬಿದಿರಿನ ಗೆರಸೆಯಲ್ಲಿ. ಮಂಚದಡಿಯಿಂದ ತಡ್ಪೆ ಸಿಕ್ಕಿತು. ಖಾಲಿ.

ಅಲ್ಲಿಂದ ನನ್ನ ಕಣ್ಣು ಬೇರೆಯೇ ಆಯಿತು. ತಂಗಿ ಕಪಾಟಿನ ಬಾಗಿಲು ಹಾಕಿದರೆ ಅಷ್ಟು ಬೇಗ ಯಾಕೆ ಹಾಕಿದಳು ಎಂದು ನೋಡಿದೆ. ಫೋನು ಬಂದರೆ ಎದ್ದು ಜಗಲಿಗೆ ಹೋಗುತ್ತಿದ್ದಳು. ಯಾರ ಹತ್ತಿರ, ಎಂಥ ಗುಟ್ಟು? ಅವಳ ಹತ್ತಿರ ಒಂದು ಕಪ್ಪು ಚೀಲ ಇತ್ತು, ಅದರ ಜಿಪ್ಪಿಗೆ ಸಣ್ಣ ಬೀಗ. ಮನೆಯಲ್ಲಿ ಇರುವುದು ನಾವಿಬ್ಬರು. ಬೀಗ ಯಾರಿಗೆ? ಅವಳು ಸ್ನಾನಕ್ಕೆ ಹೋದಾಗ ಚೀಲವನ್ನು ಹೊರಗಿನಿಂದ ಒತ್ತಿ ನೋಡಿದೆ. ಗಟ್ಟಿಯಾದದ್ದು ಏನೋ ಕೈಗೆ ಸಿಕ್ಕಿತು.

ಮುಂದಿನ ಭಾನುವಾರ ಗುಜಿರಿಯವರು ಆಟೋ ತಂದರು. ನಮ್ಮ ಬಾಲ್ಯದಿಂದಲೂ ಅದೇ ರಸ್ತೆಯಲ್ಲಿ ಹಳೆ ಸಾಮಾನು ಎತ್ತುವ ಬ್ಯಾರಿ ಸಾಹೇಬರು, ತಮಾಷೆಯ ಮನುಷ್ಯ.

"ಎಂತ ಅಕ್ಕ, ಇಷ್ಟೇಯಾ? ಕಬ್ಬಿಣ ನಿನ್ನೆಯೇ ಒಂದು ಚೀಲ ಆಗಿದೆ."

"ನಿನ್ನೆಯಾ? ಯಾರು ಕೊಟ್ಟದ್ದು?"

"ತಂಗಿ ಕೊಟ್ಟದ್ದು. ಯಾಕೆ, ನಿಮಗೆ ಗೊತ್ತಿಲ್ವಾ? ನೀವಿಬ್ಬರು ಒಂದೇ ಮನೆಯವರಾ ಬೇರೆ ಬೇರೆ ಪಾರ್ಟಿಯವರಾ?"

"ಚೀಲದಲ್ಲಿ ಎಂತೆಲ್ಲ ಇತ್ತು?"

"ಅಯ್ಯೋ ಅಕ್ಕ, ತುಕ್ಕಿಗೆ ಹೆಸರುಂಟಾ? ಎಲ್ಲ ಒಟ್ಟಿಗೆ ಮಂಗಳೂರಿಗೆ ಹೋಗಿ ಆಯ್ತು."

ತಂಗಿ ಒಳಗಿನಿಂದ, "ಹಳೆ ಸ್ಟವ್ವು, ಮುರಿದ ಬಕೆಟಿನ ಹಿಡಿ ಅಕ್ಕ, ಕಾಲಿಗೆ ತಾಗ್ತಿತ್ತು ಅಂತ ಕೊಟ್ಟೆ" ಎಂದಳು. ನಾನು ಕೇಳದೆಯೇ ಹೇಳಿದಳಲ್ಲ, ಅದೇ ನನಗೆ ಸಾಕಾಯಿತು. ಒಂದೋ ಬೀಗದ ಚೀಲದಲ್ಲಿ ಅಡಗಿಸಿದ್ದಾಳೆ, ಇಲ್ಲವೇ ಬೆಲೆ ಗೊತ್ತಿಲ್ಲದೆ ತುಕ್ಕಿಗೆ ಹಾಕಿದ್ದಾಳೆ. ಎರಡಕ್ಕೂ ಕಾರಣ ಅವಳೇ ಎಂದು ತೀರ್ಮಾನಿಸಿದೆ.

ನಮ್ಮ ಕಡೆ ಏನಾದರೂ ಕಳೆದುಹೋದರೆ ಕೊರಗಜ್ಜ ದೈವಕ್ಕೆ ಹೇಳಿಕೊಳ್ಳುವುದು ವಾಡಿಕೆ. ವಸ್ತು ಸಿಗಲಿ, ಚಕ್ಕುಲಿ ವೀಳ್ಯ ಇಡುತ್ತೇನೆ ಎನ್ನುತ್ತಾರೆ. ಬೈಕಿನ ಕೀಲಿಗೂ ಹೇಳುತ್ತಾರೆ, ಕಿವಿಯೋಲೆಗೂ ಹೇಳುತ್ತಾರೆ. ಮನೆಗೆ ಬಂದು ಊದುಬತ್ತಿ ಹಚ್ಚಿ ನಾನೂ ಹೇಳಿಕೊಂಡೆ. ಆದರೆ ಕತ್ತರಿ ಸಿಗಲಿ ಎಂದು ಹೇಳಲಿಲ್ಲ. "ಅಜ್ಜಾ, ತೆಗೆದವರನ್ನು ತೋರಿಸಿಕೊಡು" ಎಂದೆ.

ಮರುದಿನ ಕಡಬದ ಪಕ್ಕದ ಮನೆಯವಳಿಗೆ ಫೋನು ಮಾಡಿ, "ಕತ್ತರಿಯ ವಿಷಯ ನಾನು ಅಜ್ಜನಿಗೆ ಹೇಳಿದ್ದೇನೆ, ಇನ್ನು ತೆಗೆದವರು ಉಂಟು, ಅಜ್ಜ ಉಂಟು" ಎಂದೆ. ಆ ಮಾತು ಗೋಡೆ ದಾಟಿ ತಂಗಿಯ ಕಿವಿಗೆ ಬೀಳುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೀಳಲಿ ಎಂದೇ ಹೇಳಿದ್ದು.

ಮನೆ ಬಿಟ್ಟುಕೊಟ್ಟು ಅವಳು ಪುತ್ತೂರಿಗೆ ಹೋದಳು. ಸ್ವಲ್ಪ ಸಮಯದಲ್ಲಿ ಸುದ್ದಿ ಬಂತು. ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗೈಯ ಮಣಿಕಟ್ಟು ಮುರಿದಿದೆ ಎಂದು. ಫೋನು ಕೆಳಗಿಟ್ಟಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಅಯ್ಯೋ ಎಂದಲ್ಲ. ಅಜ್ಜ ತೋರಿಸಿಯೇ ಬಿಟ್ಟ ಎಂದು. ಒಂದು ತಂಪು ಗಾಳಿ ಬೀಸಿದ ಹಾಗೆ ಆಯಿತು. ಈಗ ಇದನ್ನು ಬರೆಯುವಾಗ ಕೈ ಹಿಂದೆ ಬರುತ್ತದೆ, ಆದರೂ ಆದದ್ದು ಹಾಗೆಯೇ.

ಗಂಜಿಗೆ ಚಟ್ನಿ, ಒಂದಿಷ್ಟು ಕಿತ್ತಳೆ ಕಟ್ಟಿಕೊಂಡು ನೋಡಲು ಹೋದೆ. ಮಂಚದ ಮೇಲೆ ಪಟ್ಟಿ ಹಾಕಿದ ಕೈಯನ್ನು ತಲೆದಿಂಬಿನ ಮೇಲಿಟ್ಟು ಕುಳಿತಿದ್ದಳು.

"ಅಕ್ಕ, ಆ ಕಪ್ಪು ಚೀಲದಿಂದ ಮುಖ ಒರೆಸ್ಲಿಕ್ಕೆ ಒಂದು ಬೈರಾಸು ತೆಗೆದುಕೊಡು. ಬೀಗದ ಕೈ ಇಗೊ. ಒಂದು ಕೈಯಲ್ಲಿ ಆಗುದಿಲ್ಲ."

ಬೀಗ ತೆಗೆದು ಜಿಪ್ಪು ಎಳೆದೆ. ಒಳಗೆ ಬೈರಾಸು. ಅದರ ಅಡಿಯಲ್ಲಿ ಅಮ್ಮನ ಕೊನೆಯ ತಿಂಗಳುಗಳ ಮಾತ್ರೆಗಳು, ಅರ್ಧ ಮುಗಿದ ಹಾಳೆಗಳು. ಕಣ್ಣಿಗೆ ಬಿಡುವ ಮದ್ದಿನ ಸಣ್ಣ ಸಣ್ಣ ಬಾಟಲಿಗಳು. ಡಬ್ಬದಲ್ಲಿ ಕನ್ನಡಕ.

"ಬಯ್ಬೇಡ ಅಕ್ಕ," ಎಂದಳು. "ಕಂಡ್ರೆ ನೀನು ಗುಜಿರಿಗೆ ಹಾಕ್ತಿದ್ದಿ. ಅದಕ್ಕೇ ಬೀಗ. ಬೇಡದ ಮದ್ದು ಅಂತ ಗೊತ್ತುಂಟು. ಬಿಸಾಡ್ಲಿಕ್ಕೆ ಕೈ ಬರುದಿಲ್ಲ."

ಆಗಲಾದರೂ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಇಲ್ಲಿ ಇಲ್ಲ ಎಂದಾದರೆ ತುಕ್ಕಿಗೇ ಹಾಕಿದ್ದಾಳೆ ಎಂದುಕೊಂಡೆ. ಸಂಶಯ ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಒಳಗೆ ಬರುತ್ತದೆ.

"ಅಮ್ಮನ ಭರಣಿ ನಿನ್ನ ಹತ್ತಿರ ಉಂಟಲ್ವಾ?" ಎಂದಳು ಆಮೇಲೆ. "ಮಾವಿನಕಾಯಿ ಹಾಕಿದ್ರೆ ನನಗೂ ಒಂದು ಬಾಟಲಿ ಇಡು."

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಹೇಳಿರಲಿಲ್ಲ. ನನಗೆ ಆ ಮಾತು ಚುಚ್ಚು ಮಾತಿನ ಹಾಗೆ ಕೇಳಿಸಿತು. ಹೊರಡುವಾಗ ಅವಳು ಮೆಲ್ಲಗೆ, "ಕತ್ತರಿ ಸಿಕ್ಕಿತಾ ಅಕ್ಕ?" ಎಂದಳು.

"ಸಿಗ್ತದೆ. ಅಜ್ಜ ಬಿಡುದಿಲ್ಲ."

ಅವಳು ತನ್ನ ಪಟ್ಟಿ ಹಾಕಿದ ಕೈಯನ್ನು ನೋಡಿಕೊಂಡಳು. ನಾನೂ ಅದನ್ನೇ ನೋಡಿದೆ. ಬಸ್ಸಿನ ಹೊತ್ತಾಯಿತು ಎಂದು ಎದ್ದು ಬಂದೆ.

ಕಾಟುಮಾವಿನ, ಅಂದರೆ ಕಾಡುಮಾವಿನ ಕಾಲ ಬಂತು. ಗಂಡ ರಬ್ಬರ್ ಟ್ಯಾಪಿಂಗ್ ಮುಗಿಸಿ ಬರುವಾಗ ಒಂದು ಚೀಲ ಎಳೆಯ ಕಾಯಿ ತಂದರು. ಉಪ್ಪಿನಲ್ಲಿ ಹಾಕೋಣ ಎಂದು ಅಟ್ಟದಿಂದ ಭರಣಿ ಇಳಿಸಿದೆ. ಬಾಯಿಯ ಬಟ್ಟೆ ಅಮ್ಮನ ನೀಲಿ ಸೀರೆಯ ಅಂಚು. ಬಿಚ್ಚಿದೆ. ಉಪ್ಪಿನ ವಾಸನೆ ಬರಲಿಲ್ಲ, ಹೊಗೆಸೊಪ್ಪಿನ ವಾಸನೆ ಬಂತು. ಅಡಿಯಲ್ಲಿ ಸೀಳು ಬಿಟ್ಟ ಭರಣಿ ಅದು. ಉಪ್ಪುನೀರು ನಿಲ್ಲದ್ದಕ್ಕೆ ಅಮ್ಮ ಅದರಲ್ಲಿ ಬೇರೆ ವಸ್ತು ಇಟ್ಟಿದ್ದರು. ಹಳೆ ಪೇಪರು, ನೂಲಿನ ಉಂಡೆ, ತಗಡಿನ ಅಳತೆ, ತೆಂಗಿನೆಣ್ಣೆ ಒರೆಸಿದ ಬಟ್ಟೆಯಲ್ಲಿ ಸುತ್ತಿದ ಕತ್ತರಿ. ಹೆಬ್ಬೆರಳು ಹಾಕುವ ಬಳೆಗೆ ಬಟ್ಟೆಯ ಚೂರು ಸುತ್ತಿ ನೂಲು ಬಿಗಿದಿತ್ತು. ಹೊಸತರಲ್ಲಿ ನನ್ನ ಬೆರಳಿಗೆ ಬೊಕ್ಕೆ ಬಂದಾಗ ಅಮ್ಮ ಸುತ್ತಿದ್ದು. ಹಾಕಿ ನೋಡಿದೆ. ನನ್ನ ಈಗಿನ ಬೆರಳು ಅದರಲ್ಲಿ ಹೋಗುವುದಿಲ್ಲ. ಅಮ್ಮನ ಬೆರಳೂ ಹೋಗಿರಲಾರದು. ಎಷ್ಟೋ ವರ್ಷ ಅವರು ಬೇರೆ ಕತ್ತರಿಯಲ್ಲಿ ಕೆಲಸ ಮಾಡಿ, ಇದನ್ನು ಇದ್ದ ಹಾಗೆಯೇ ಇಟ್ಟಿದ್ದರು.

ಗಂಡ ಬಾಗಿಲಲ್ಲಿ ನಿಂತು ನೋಡಿದರು. ನಾನು ಕೇಳಿಕೊಂಡದ್ದು ತೆಗೆದವರನ್ನು ತೋರಿಸು ಎಂದಲ್ಲವೇ? ತೋರಿಸಿ ಆಗಿತ್ತು.

"ನೀವೊಬ್ಬರೇ ಹೋಗಿ ಚಕ್ಕುಲಿ ಇಟ್ಟು ಬನ್ನಿ," ಎಂದೆ.

"ಅಜ್ಜನಿಗೆ ಗೊತ್ತುಂಟು ಮಾರಾಯ್ತಿ. ಗೊತ್ತಿಲ್ಲದ್ದು ನಿನ್ನ ತಂಗಿಗೆ."

ಮಾವಿನಕಾಯಿ ಚೀಲದಲ್ಲೇ ಬಾಡಿ ಕೊಳೆಯಿತು. ಅಷ್ಟು ದಿನ ನಾನು ಮುಂದೂಡಿದೆ. ಕೊನೆಗೆ ಫೋನು ಮಾಡಿ, "ಅಜ್ಜನ ಹರಕೆ ಉಂಟು, ನೀನೂ ಬಾ" ಎಂದೆ, ಅಷ್ಟೇ. ಅವಳು ಯಾಕೆ ಎಂದು ಕೇಳಲಿಲ್ಲ.

ಅಜ್ಜನ ಕಟ್ಟೆಯ ಹತ್ತಿರ ಅವಳು ನನಗಿಂತ ಮೊದಲೇ ಬಂದು ನಿಂತಿದ್ದಳು. ಕೈಯ ಪಟ್ಟಿ ತೆಗೆದಿದ್ದರು, ಮಣಿಕಟ್ಟು ಸಣ್ಣಗೆ ಓರೆಯಾಗಿತ್ತು. ಎಡಗೈಯಲ್ಲಿ ಚಕ್ಕುಲಿಯ ಒಂದು ಪೊಟ್ಟಣ.

"ಅದು ಎಂತದ್ದು?" ಎಂದೆ.

"ತಪ್ಪುಕಾಣಿಕೆ ಅಕ್ಕ. ಆ ಕಬ್ಬಿಣದ ಚೀಲದಲ್ಲಿ ನನಗೆ ಗೊತ್ತಿಲ್ಲದೆ ಹೋಗಿರ್ಬೇಕು. ನಾನು ನೋಡಿ ಹಾಕ್ಬೇಕಿತ್ತು. ಕೈ ಮುರಿದಾಗಲೇ ಅಂದುಕೊಂಡೆ, ಇದು ಅದಕ್ಕೇ ಅಂತ."

ಕಟ್ಟೆಯಲ್ಲಿ ಸೇವೆ ಮಾಡುವ ಹಿರಿಯರು ಬಾಳೆಲೆ ಹಾಸಿ ನಮ್ಮ ಕಡೆ ತಿರುಗಿದರು. ನಡೆದದ್ದನ್ನು ಅಜ್ಜನ ಎದುರು ಗಟ್ಟಿಯಾಗಿ ಹೇಳಿ ಪ್ರಾರ್ಥನೆ ಮಾಡುವವರು ಅವರು.

"ಹರಕೆ ಯಾರದ್ದು? ಕಳೆದದ್ದು ಎಂತ, ಸಿಕ್ಕಿದ್ದು ಎಲ್ಲಿ? ಹೇಳಿ, ನಾನು ಅಜ್ಜನಿಗೆ ಹೇಳುದು ಬೇಡ್ವಾ?"

ಚೀಲದಿಂದ ಕತ್ತರಿ ತೆಗೆದು ಎಲೆಯ ಪಕ್ಕದಲ್ಲಿಟ್ಟೆ. ತಂಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಅಜ್ಜನಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿದೆ. ಆ ಹಿರಿಯರಿಗೂ, ಹಿಂದೆ ಸರದಿಯಲ್ಲಿ ನಿಂತವರಿಗೂ ಕೇಳುವ ಹಾಗೆ ಹೇಳಿದೆ.

"ಸಿಕ್ಕಿದ್ದು ನನ್ನ ಮನೆಯಲ್ಲಿ. ನಿನಗೆ ಹೇಳದೆ ತೆಗೆದುಕೊಂಡು ಹೋದ ಭರಣಿಯಲ್ಲಿ ಇತ್ತು. ನೀನು ತೆಗೆದದ್ದು ಅಂತ ತಿಳ್ಕೊಂಡೆ, ನಿನ್ನನ್ನು ಒಂದು ಮಾತು ಕೇಳಲಿಲ್ಲ. ನಿನ್ನ ಕೈ ಮುರಿದಾಗ ನನಗೆ ಸಮಾಧಾನ ಆಯ್ತು. ಆ ಪೊಟ್ಟಣ ಇಲ್ಲಿ ಕೊಡು, ಅದು ಇಡ್ಬೇಕಾದವಳು ನಾನು. ತಪ್ಪಾಯ್ತು ತಂಗಿ. ನನ್ನಿಂದ ತಪ್ಪಾಯ್ತು."