ಕಂಪ್ಯೂಟರ್ ಹೇಳಿದ ವೇಗ

ಎಂಬತ್ತರ ದಶಕದ ಕೊನೆಯಲ್ಲಿ ಹೊಸೂರಿನ ಮೋಟಾರು ಕಾರ್ಖಾನೆಯಲ್ಲಿ, ಗಾಡಿಯ ತೂಕ, ಇಂಜಿನ್ನಿನ ಶಕ್ತಿ ಕೊಟ್ಟು ಅದರ ವೇಗವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದನ್ನು ನನಗೆ ಕಲಿಸಿದವರು ನಮ್ಮ ಫೋರ್‌ಮನ್. ಕನ್ನಡಕವನ್ನು ಹಣೆಗೇರಿಸಿ, "ತೂಕ ನೀನೇ ನೋಡ್ದೇನ್ಲಾ?" ಎಂದು ಪ್ರತಿ ಸಲ ಕೇಳುತ್ತಿದ್ದರು.

ಒಮ್ಮೆ ಹೊಸ ವ್ಯಾನು ಏರಿನಲ್ಲಿ ನಲವತ್ತರ ವೇಗದಲ್ಲಿ ಹತ್ತುತ್ತದೆ ಎಂದಿತು ಕಂಪ್ಯೂಟರ್. ಬೇರಿಕೆ ರಸ್ತೆಯ ಏರಿನಲ್ಲಿ ಅದು ಮೂವತ್ತು ದಾಟಲಿಲ್ಲ. ಸಂಜೆಯೊಳಗೆ ವರದಿ ಕೊಡಬೇಕಿತ್ತು. ನಾನು ತೂಕದ ಅಂಕಿಯನ್ನು ಏರಿಸುತ್ತಾ ಹೋಗಿ, ಉತ್ತರ ಮೂವತ್ತಕ್ಕೆ ಇಳಿದಾಗ ನಿಲ್ಲಿಸಿದೆ.

ಫೋರ್‌ಮನ್ ಆ ಲೆಕ್ಕದ ಕಾಗದ ನೋಡಿ, "ಇದ್ರಿಂದ ಗಾಡಿ ಸರಿಹೋಯ್ತೇನ್ಲಾ?" ಎಂದರು.

ಇಬ್ಬರೂ ವ್ಯಾನನ್ನು ಮತ್ತೆ ತೂಗಿಸಿದೆವು. ಮೊದಲಿನ ತೂಕವೇ ಬಂತು. ಟೈರು, ಇಂಜಿನ್ನು ಎಲ್ಲವನ್ನೂ ನೋಡಿದರೂ ಕಾರಣ ಸಿಗಲಿಲ್ಲ.

"ನಂಗೂ ತಿಳೀತಿಲ್ಲ ಕಣ್ಲಾ," ಎಂದವರು ವರದಿಯಲ್ಲಿ ಎರಡೂ ವೇಗಗಳನ್ನು ಬರೆದು, ಕೆಳಗೆ 'ಕಾರಣ ಗೊತ್ತಿಲ್ಲ' ಎಂದು ಸೇರಿಸಿ, ತಮ್ಮ ಸಹಿ ಹಾಕಿದರು.